ಪಟಾಕಿಗೆ ನಾಯಿ ನಡುಗುವುದೇಕೆ?

ದೀಪಾವಳಿ ಬಂತೆಂದರೆ ನಮ್ಮ ನಾಯಿ ಮಂಚದಡಿ ಸೇರಿ ನಡುಗುತ್ತದೆ, ಊಟವನ್ನೂ ಮುಟ್ಟುವುದಿಲ್ಲ. ಏಕೆ?

ನಮ್ಮ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸದ್ದು ಹಿಡಿದರೆ, ನಾಯಿಯದು ಸುಮಾರು 45,000ದವರೆಗೆ. ನಮಗೆ ಕೇಳದ ಸಣ್ಣ ಸದ್ದೂ ಅದಕ್ಕೆ ಸ್ಪಷ್ಟ. ಪಟಾಕಿ ಯಾವಾಗ, ಎಲ್ಲಿ ಸಿಡಿಯುತ್ತದೆಂದು ತಿಳಿಯದಿರುವುದಂತೂ ಇನ್ನೂ ದೊಡ್ಡ ಹಿಂಸೆ. ಗಾಢ ನಿದ್ದೆಯಲ್ಲಿರುವವರ ತಲೆಯ ಬಳಿ ಯಾರೋ ಮತ್ತೆ ಮತ್ತೆ ತಟ್ಟೆ ಬಡಿದಂತೆ. ಪ್ರತಿ ಢಂ ಸದ್ದಿಗೂ ಮೆದುಳು ಅಪಾಯವೆಂದು ಸಾರುತ್ತದೆ. ಅಡ್ರಿನಲಿನ್ ರಕ್ತಕ್ಕಿಳಿದು ಎದೆಬಡಿತ ಏರುತ್ತದೆ, ಸ್ನಾಯುಗಳು ಓಡಲು ಬಿಗಿದು ನಡುಗುತ್ತವೆ, ಜೀರ್ಣಕ್ರಿಯೆ ಹಿಂದೆ ಸರಿಯುತ್ತದೆ. ಊಟ ಸೇರದಿರುವುದು ಅದಕ್ಕೇ. ಗದರಬೇಡಿ, ಎಳೆದು ಹೊರತರಲೂಬೇಡಿ. ಕಿಟಕಿ ಮುಚ್ಚಿ, ಫ್ಯಾನು, ಟಿ.ವಿ. ಹಾಕಿ, ಹತ್ತಿರ ಕೂತು ಮೈ ಸವರಿ. ಮುದ್ದಿಸಿದರೆ ಹೆದರಿಕೆ ಹೆಚ್ಚುತ್ತದೆಂಬ ಮಾತನ್ನು ನಂಬಬೇಡಿ. ಭಯ ವಿಪರೀತವಾಗಿದ್ದರೆ ಹಬ್ಬಕ್ಕೆ ಮೊದಲೇ ಪಶುವೈದ್ಯರಿಗೆ ತೋರಿಸಿ, ಅದಕ್ಕೆ ಔಷಧಿಯಿದೆ.