ರತ್ನಗಂಬಳಿ ತೊಳೆಯುವವನ ದರದ ಲೆಕ್ಕ

ನೌಕರಿಯನ್ನು ಬಿಟ್ಟು ಸ್ವಂತ ಉದ್ಯೋಗವೊಂದನ್ನು ಹಿಡಿಯಬೇಕೆಂಬ ಹಂಬಲ ಮುಂಬಯಿಯ ನಮ್ಮ ಹೋಟೆಲು ಬಂಧುಗಳಲ್ಲಿ ಹಲವರಿಗೆ ಉಂಟು. ಮನೆ, ಕಚೇರಿಗಳ ರತ್ನಗಂಬಳಿಗಳನ್ನು ತೊಳೆದುಕೊಡುವುದು ಅಂಥ ಉದ್ಯೋಗಗಳಲ್ಲೊಂದು. ಒಂದು ಯಂತ್ರ, ಬ್ರಷ್ಷು, ಸಾಬೂನು, ಗಟ್ಟಿ ತೋಳು ಇದ್ದರೆ ಆರಂಭಿಸಬಹುದು. ಆದರೆ ಆರಂಭಿಸಿದವರು ಮೊದಲು ಎಡವುವುದು ದರ ಹೇಳುವಾಗ. ಕೆಲಸ ಎಲ್ಲಿ ತಪ್ಪೀತೋ ಎಂದು ಅಂಜಿ, ಬೇರೆಯವನ ದರಕ್ಕಿಂತ ಒಂದು ರೂಪಾಯಿ ಕಡಿಮೆ ಹೇಳಿಬಿಡುತ್ತೇವೆ. ಅವನೂ ಹಾಗೆಯೇ ಅಂಜಿ ಹೇಳಿದ್ದಿರಬಹುದು!

ಹೋಟೆಲಿನ ದರಪಟ್ಟಿಯನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಇಡ್ಲಿಯ ಬೆಲೆಯಲ್ಲಿ ಅಕ್ಕಿ, ಉದ್ದುಗಳ ಜೊತೆಗೆ ಬಾಡಿಗೆ, ಇಂಧನ, ಒಡೆದ ಲೋಟ, ಮಾಣಿಯ ಸಂಬಳ, ಗಿರಾಕಿಯಿಲ್ಲದ ಮಧ್ಯಾಹ್ನ ಎಲ್ಲವೂ ಸೇರಿರುತ್ತವೆ. ಅದೇ ಲೆಕ್ಕವನ್ನು ಕಂಬಳಿಗೂ ಹಾಕೋಣ.

ಸಂಸಾರಕ್ಕೆ ತಿಂಗಳಿಗೆ 30,000 ರೂಪಾಯಿ ಬೇಕೆಂದೂ, ಸಾಬೂನು, ಪ್ರಯಾಣ, ಫೋನು, ಯಂತ್ರದ ಸವೆತಗಳಿಗೆ 12,000 ತಗಲುವುದೆಂದೂ ಇಟ್ಟುಕೊಳ್ಳೋಣ. ಒಟ್ಟು 42,000. ರಜೆ, ಬರಿಯ ವಿಚಾರಣೆಯ ತಿರುಗಾಟ, ಮಾತು ತಪ್ಪಿದ ಗಿರಾಕಿ ಇವುಗಳನ್ನು ಕಳೆದರೆ ನಿಜವಾಗಿ ತೊಳೆಯುವುದು 20 ದಿನ. ದಿನಕ್ಕೆ 2,100 ಬರಬೇಕು. ದಿನಕ್ಕೆ 300 ಚದರಡಿ ತೊಳೆಯಬಲ್ಲವನಿಗೆ ಚದರಡಿಗೆ 7 ರೂಪಾಯಿ ಬಿದ್ದಿತು. ಅಂಜಿ 5 ರೂಪಾಯಿಗೆ ಒಪ್ಪಿದರೆ ತಿಂಗಳಿಗೆ 12,000 ಖೋತಾ. ಸಾಬೂನು, ಪ್ರಯಾಣಗಳ ಖರ್ಚೆಲ್ಲ ಮಕ್ಕಳ ಅನ್ನದಿಂದ ಹೋದಂತಾಯಿತು. ಇನ್ನು ಜೂನಿನಿಂದ ಸೆಪ್ಟೆಂಬರಿನವರೆಗಿನ ಮುಂಬಯಿ ಮಳೆಗೆ ಕಂಬಳಿ ಬೇಗ ಒಣಗದು, ತೊಳೆಯುವ ದಿನಗಳೂ ಕುಗ್ಗುವುವು. ಆ ಕೊರತೆಯನ್ನು ಬೇಸಗೆಯ ದರದಲ್ಲೇ ತುಂಬಿಕೊಳ್ಳಬೇಕು.

ಎಲ್ಲ ಕಂಬಳಿಗಳಿಗೂ ಒಂದೇ ದರ ಸಲ್ಲದು. ಕೈಯಿಂದ ಗಂಟು ಹಾಕಿ ನೇಯ್ದ ಉಣ್ಣೆಯದಾದರೆ, ಬಣ್ಣ ಬಿಡುವುದೋ ಎಂದು ಮೂಲೆಯನ್ನು ಒದ್ದೆ ಬಿಳಿಬಟ್ಟೆಯಿಂದ ಒತ್ತಿ ನೋಡಬೇಕು. ನೈಲಾನಿನದಕ್ಕಿಂತ ಹೆಚ್ಚು ಹೊತ್ತು, ಹೆಚ್ಚು ಎಚ್ಚರ ಬೇಕು. ಅಳತೆ, ಕಲೆ, ಜಾತಿ ಎಲ್ಲವನ್ನೂ ನೋಡಿ, ನೀರು ಬೀಳುವ ಮೊದಲೇ ದರವನ್ನು ಬರೆದುಕೊಡಬೇಕು. ತೊಳೆದಾದ ಮೇಲೆ 'ಕಲೆ ಬಹಳವಿತ್ತು' ಎಂದು ಹೆಚ್ಚು ಕೇಳುವುದು ಮೋಸವೇ ಸರಿ. ಜಿ.ಎಸ್.ಟಿ. ನೋಂದಣಿಯಿಲ್ಲದವನು ಆ ಹೆಸರಿನಲ್ಲಿ ಚಿಕ್ಕಾಸನ್ನೂ ವಸೂಲು ಮಾಡುವಂತಿಲ್ಲ.

ಗಿರಾಕಿ ಚೌಕಾಸಿಗೆ ನಿಂತರೆ? ಕಂಬಳಿಯನ್ನು ಅವರೇ ತಂದು ಒಯ್ಯುವುದಾದರೆ ಸಾಗಣೆಯ ಹಣವನ್ನು ಬಿಡಬಹುದು. ಒಂದೇ ಮನೆಯಲ್ಲಿ ಐದಾರು ಕಂಬಳಿಗಳಿದ್ದರೆ ಉಳಿದ ತಿರುಗಾಟದ ಪಾಲನ್ನು ಕಳೆಯಬಹುದು. ಚದರಡಿಯ 7 ರೂಪಾಯಿಯಲ್ಲಿ ನಮ್ಮ ಕೂಲಿಯ ಪಾಲನ್ನು ಮಾತ್ರ ಮುಟ್ಟಬಾರದು.