ಕಾಸಿಲ್ಲದ ತರುಣರಿಗೆ ಬೆಂಗಳೂರು

ರಜೆ ಬಂದೊಡನೆ ಹದಿನೈದು ಹದಿನಾರು ವರ್ಷದ ಮಕ್ಕಳುಳ್ಳ ಮನೆಗಳಲ್ಲಿ ಎರಡು ಚಿಂತೆಗಳು ಹುಟ್ಟುವುವು: ಅವರು ಹೊತ್ತನ್ನು ಹೇಗೆ ಕಳೆಯುವರು, ಅದಕ್ಕೆ ಹಣವೆಷ್ಟು ಬೇಕಾದೀತು? ಇಂದಿನ ಬೆಂಗಳೂರಿನಲ್ಲಿ ಸ್ನೇಹಿತರೊಡನೆ ಕುಳಿತು ಮಾತನಾಡುವುದಕ್ಕೂ ಏನನ್ನಾದರೂ ಕೊಳ್ಳಲೇಬೇಕೆಂಬ ಭಾವನೆ ಬಲವಾಗುತ್ತಿದೆ. ಇದರಿಂದ ಬಡಮನೆಯ ಬಾಲಕನು ಈ ಊರು ತನ್ನದಲ್ಲವೆಂದು ತಿಳಿದುಬಿಡುವನು. ಇದು ಸಣ್ಣ ನಷ್ಟವಲ್ಲ. ಆದರೆ ಶ್ರೋತೃಗಳೇ, ಈ ನಗರದ ಉತ್ತಮ ಸಂಪತ್ತೆಲ್ಲವೂ ಬಹುಮಟ್ಟಿಗೆ ಸಾರ್ವಜನಿಕರದು; ಅದನ್ನು ಅನುಭವಿಸಲು ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಒಂದು ಉದ್ದೇಶ.

ಮೊದಲು ಮರಗಳನ್ನು ನೋಡೋಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಾಲ್‌ಬಾಗನ್ನು ನೋಡಿಕೊಳ್ಳುತ್ತಿದ್ದ ಜರ್ಮನಿಯ ಕೃಂಬೀಗಲ್ಲರು, ವರ್ಷದ ಯಾವ ಕಾಲದಲ್ಲಾದರೂ ಯಾವುದಾದರೊಂದು ಮರ ಹೂ ಬಿಟ್ಟಿರುವಂತೆ ಬೀದಿಗಳಿಗೆ ಮರಗಳನ್ನು ಆರಿಸಿದರು. ೧೮೭೦ರಲ್ಲಿ ರೂಪುಗೊಂಡ ಕಬ್ಬನ್ ಪಾರ್ಕಿನಲ್ಲಿ ಯಾರಿಗೂ ಶುಲ್ಕವಿಲ್ಲ. ಅಲ್ಲಿ ವಾರಕ್ಕೊಮ್ಮೆ ಅಡ್ಡಾಡಿ, ಯಾವ ಮರ ಎಂದು ಹೂವಾಯಿತೆಂಬುದನ್ನು ಪುಸ್ತಕದಲ್ಲಿ ಬರೆದಿಟ್ಟರೆ, ವರ್ಷ ತುಂಬುವಾಗ ತರುಣನ ಕೈಯಲ್ಲಿ ಅವನದೇ ಆದ ಒಂದು ಪಂಚಾಂಗ ಸಿದ್ಧವಾಗುವುದು.

ಮರಗಳಿಗಿಂತ ಪ್ರಾಚೀನವಾದುದು ಲಾಲ್‌ಬಾಗಿನ ಬಂಡೆ. ಅದರ ವಯಸ್ಸು ಸುಮಾರು ೩೦೦ ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳ ಲೆಕ್ಕ. ಅದರ ಮೇಲೆ ಕೆಂಪೇಗೌಡರ ಗೋಪುರವುಂಟು; ಕೆಳಗಿನ ತೋಟವು ೧೭೬೦ರಲ್ಲಿ ಹೈದರಾಲಿಯಿಂದ ಆರಂಭವಾದುದು; ಗಾಜಿನ ಮನೆ ೧೮೮೯ರದು. ಒಂದೇ ಸಂಜೆಯ ನಡಿಗೆಯಲ್ಲಿ ಭೂಮಿಯ ಚರಿತ್ರೆಯೂ ಊರಿನ ಚರಿತ್ರೆಯೂ ಕಣ್ಣಿಗೆ ಬೀಳುವುವು.

ಊರಿನ ಹೆಸರಿನ ಮೂಲವನ್ನು ಅರಸುವವರು ಬೇಗೂರಿಗೆ ಬಸ್ಸಿನಲ್ಲಿ ಹೋಗಬಹುದು. ಅಲ್ಲಿನ ನಾಗೇಶ್ವರ ದೇವಾಲಯದಲ್ಲಿ, ಸುಮಾರು ಕ್ರಿ. ಶ. ೮೯೦ರ ಶಾಸನವೊಂದು ಬೆಂಗಳೂರಿನ ಕಾಳಗವನ್ನು ಹೆಸರಿಸುತ್ತದೆ. ಬೆಂದಕಾಳೂರಿನ ಕಥೆಯನ್ನು ಅದರೊಡನೆ ಹೋಲಿಸಿ ನೋಡುವ ಹುಡುಗಿಗೆ, ಕೇಳಿದ ಮಾತಿಗೂ ಆಧಾರವುಳ್ಳ ಮಾತಿಗೂ ಇರುವ ಭೇದವು ತಾನಾಗಿ ತಿಳಿಯುವುದು. ೨೦೨೩ರಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದ, ನಾಡಿನ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತವಾಗಿದೆ. ಗುರುತಿನ ಚೀಟಿಯೊಂದು ಜೊತೆಯಲ್ಲಿದ್ದರಾಯಿತು.

ಬಿಸಿಲೇರಿದಾಗ ಕಬ್ಬನ್ ಪಾರ್ಕಿನೊಳಗಣ ಕೇಂದ್ರ ಗ್ರಂಥಾಲಯದಲ್ಲಿ ಕುಳಿತು ಓದಬಹುದು. ಸಂಜೆಗೆ ಉಪನ್ಯಾಸಗಳುಂಟು. ಡಿ. ವಿ. ಗುಂಡಪ್ಪನವರು ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯೂ, ಬಸವನಗುಡಿಯ ವಿಶ್ವ ಸಂಸ್ಕೃತಿ ಸಂಸ್ಥೆಯೂ ೧೯೪೫ರಲ್ಲಿ ಹುಟ್ಟಿದುವು. ಅಲ್ಲಿ ತಿಳಿದವರ ಮಾತನ್ನು ಕೇಳಲು ಟಿಕೆಟ್ಟು ಬೇಕಿಲ್ಲ. ಕಾರ್ತಿಕದ ಕಡೆಯ ಸೋಮವಾರ ಅದೇ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನೆರೆಯುವುದು. ಒಂದು ಸೇರು ಕಡಲೆಕಾಯಿಗೆ ನಾಲ್ವರು ಸ್ನೇಹಿತರ ಸಂಜೆ ತುಂಬುವುದು.

ಆದುದರಿಂದ ತಾಯಿತಂದೆಗಳಲ್ಲಿ ನಮ್ಮ ಅರಿಕೆಯಿಷ್ಟೆ. ಮಕ್ಕಳ ಕೈಗೆ ದುಡ್ಡನ್ನು ಕೊಡುವುದಕ್ಕೆ ಮೊದಲು ಒಂದು ಪ್ರಶ್ನೆಯನ್ನು ಕೊಡಿರಿ. ಒಬ್ಬ ಜೊತೆಗಾರನೊಡನೆ ಕಳುಹಿಸಿರಿ. ಹಿಂದಿರುಗಿದಾಗ ಅವರು ಕಂಡುದನ್ನು ಸಾವಧಾನವಾಗಿ ಕೇಳಿರಿ. ಹಿಂದಿನವರು ಎಲ್ಲರಿಗಾಗಿ ತೆರೆದಿಟ್ಟ ಈ ಸ್ಥಳಗಳನ್ನು ಎಳೆಯರು ತಮ್ಮವೆಂದು ಭಾವಿಸಿದರೆ, ಮುಂದೆ ಅವುಗಳನ್ನು ಕಾಪಾಡುವವರೂ ಅವರೇ ಆಗುವರು.