ಶುಗರ್ ಇದ್ದವರ ಜೊತೆ ಮನೆಯವರು ಮಾಡಬೇಕಾದ್ದು

ಅರಸೀಕೆರೆ ತಾಲ್ಲೂಕಿನ ಗಂಡಸಿ ಕಡೆಯ ಮದುವೆ ಊಟದಲ್ಲಿ ಒಬ್ಬಟ್ಟು ಬಡಿಸುವವರು “ಒಂದು ತಿಂದ್ರೆ ಏನಾಗಲ್ಲ, ಹಾಕುಸ್ಕಳಿ” ಅನ್ನುತ್ತಾರೆ. ಪಕ್ಕದ ನೆಂಟರು “ನಿಮಗೆ ಶುಗರ್ ಅಲ್ವಾ?” ಎಂದು ಎಲೆ ನೋಡುತ್ತಾರೆ. ಎರಡರಲ್ಲೂ ಪ್ರೀತಿಯೇ ಇದೆ. ಆದರೆ ಮನೆಯಲ್ಲೂ ದಿನಾ ಇದೇ ಕಾವಲಾದರೆ ಮನುಷ್ಯ ಕದ್ದು ತಿನ್ನುತ್ತಾನೆ, ಇಲ್ಲವೇ ನಾಲ್ಕು ಜನರ ಜೊತೆ ಕೂರುವುದನ್ನೇ ಬಿಡುತ್ತಾನೆ.

ಮನಸ್ಸಿನ ಬೇಗೆ ರಕ್ತ ಪರೀಕ್ಷೆಯಲ್ಲೂ ಕಾಣುತ್ತದೆ. ಚಿಂತೆ, ನಿದ್ದೆಗೇಡು ಹೆಚ್ಚಿದಾಗ ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನುಗಳು ಏರುತ್ತವೆ. ಯಕೃತ್ತು ಕೂಡಿಟ್ಟ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೇಸತ್ತವರು ಮಾತ್ರೆ ತಪ್ಪಿಸುತ್ತಾರೆ, ವಾಕಿಂಗ್ ನಿಲ್ಲಿಸುತ್ತಾರೆ. ಪಥ್ಯ, ಮಾತ್ರೆ, ಪರೀಕ್ಷೆ ಎಂಬ ರಜೆಯಿಲ್ಲದ ಚಾಕರಿಯಿಂದ ಬರುವ ಈ ದಣಿವನ್ನು ಅಳೆಯಲು ವಿಲಿಯಂ ಪೊಲೊನ್ಸ್ಕಿ ಮತ್ತು ಸಂಗಡಿಗರು 1995ರಲ್ಲೇ ಪ್ರಶ್ನಾವಳಿ ಪ್ರಕಟಿಸಿದರು. ಈ ದಣಿವು ಖಿನ್ನತೆಯಲ್ಲ. ಖಿನ್ನತೆಯೇ ಬೇರೆ, ಅದೂ ಮಧುಮೇಹಿಗಳಲ್ಲಿ ಉಳಿದವರಿಗಿಂತ ಹೆಚ್ಚು.

ಮನೆಯವರು ಮೊದಲು ಬದಲಿಸಬೇಕಾದ್ದು ಅಡುಗೆ. “ಅವರಿಗೆ ಬೇರೆ, ನಮಗೆ ಬೇರೆ” ಎಂದ ಕೂಡಲೇ ರೋಗಿ ಪಂಕ್ತಿಯಿಂದ ಹೊರಗಾಗುತ್ತಾರೆ. ಎಲ್ಲರಿಗೂ ಸಣ್ಣ ಮುದ್ದೆ, ಸೊಪ್ಪಿನ ಸಾರು, ಜಾಸ್ತಿ ಪಲ್ಯ ಇರಲಿ. (ರಾಗಿಯಿಂದ ಶುಗರ್ ಏರುವುದೇ ಇಲ್ಲ ಎಂಬುದು ನಮ್ಮ ಕಡೆಯ ಗಟ್ಟಿ ನಂಬಿಕೆ. ಮುದ್ದೆ ದೊಡ್ಡದಾದರೆ ಏರೇ ಏರುತ್ತದೆ.) ಶುಗರ್ ಇರುವುದು ಅಮ್ಮನಿಗಾದರೆ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಪದ್ಧತಿ ಇವತ್ತೇ ನಿಲ್ಲಲಿ, ಅವರ ಊಟ ಹೊತ್ತಿಗೆ ಸರಿಯಾಗಿ ಆಗಬೇಕು.

ಊಟ ತಡವಾದರೆ ಏನಾಗುತ್ತದೆ? ಕಾಯಿ ಕೀಳಿಸುವ ದಿನ ಯಜಮಾನರು ಬೆಳಿಗ್ಗೆ ಗ್ಲಿಮೆಪಿರೈಡ್‌ನಂಥ ಶುಗರ್ ಇಳಿಸುವ ಮಾತ್ರೆ ನುಂಗಿ ತೋಟಕ್ಕೆ ಹೋಗಿದ್ದಾರೆ ಅನ್ನಿ. ಮಧ್ಯಾಹ್ನ ಎರಡಾದರೂ ಊಟವಿಲ್ಲ. ಮೈ ಬೆವರುತ್ತದೆ, ಕೈ ನಡುಗುತ್ತದೆ, ಆಳುಗಳ ಮೇಲೆ ಸುಮ್ಮಸುಮ್ಮನೆ ರೇಗುತ್ತಾರೆ. “ಇವರ ಕೋಪ ಗೊತ್ತಿದ್ದದ್ದೇ” ಎಂದು ಮನೆಯವರು ಸುಮ್ಮನಾದರೆ ಅಪಾಯ. ಅದು ಕೋಪವಲ್ಲದೆ ಶುಗರ್ 70ಕ್ಕಿಂತ ಕೆಳಗಿಳಿದ ಲಕ್ಷಣವಿರಬಹುದು. ಮೀಟರ್ ಹತ್ತಿರ ಇಲ್ಲದಿದ್ದರೆ ಹುಡುಕುತ್ತಾ ಕೂರಬೇಡಿ, ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ ಕೊಡಿ, ಆಮೇಲೆ ಊಟ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ.

ಮಾತಾಡಿಸುವುದರಲ್ಲೂ ಒಂದು ರೀತಿ ಇದೆ. “ಎಷ್ಟು ಬಂತು?” ಎಂದು ರೀಡಿಂಗ್ ಕೇಳುವ ಮೊದಲು “ಹೇಗಿದೀಯಪ್ಪ?” ಅನ್ನಿ. “ವಾಕಿಂಗ್ ಹೋಗು” ಅನ್ನುವುದಕ್ಕಿಂತ ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಹೊರಡುವುದು ಮೇಲು. ಅಂಕಿ ಏರಿದ ದಿನ ತಪ್ಪು ಹುಡುಕುವವರ ಮುಂದೆ ಯಾರೂ ಮುಂದಿನ ಸಲ ನಿಜ ಹೇಳುವುದಿಲ್ಲ.

ಬೇಸರಕ್ಕೆ ಯಾವಾಗ ಚಿಕಿತ್ಸೆ ಬೇಕಾಗುತ್ತದೆ ಎಂಬುದಕ್ಕೆ ಸುಲಭದ ಅಳತೆಯಿದೆ. ಆಶಾ ಕಾರ್ಯಕರ್ತೆಯರು 30 ದಾಟಿದವರಿಗೆ ಭರ್ತಿ ಮಾಡುವ ಫಾರಂನಲ್ಲೇ ಎರಡು ಪ್ರಶ್ನೆಗಳಿವೆ: ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇರಲಿಲ್ಲವೇ? ಮನಸ್ಸು ಕುಗ್ಗಿ ಹತಾಶೆ ಆಗಿತ್ತೇ? ಹೆಚ್ಚಿನ ದಿನ ಹೌದು ಎಂದಾದರೆ ವೈದ್ಯರಿಗೆ ಹೇಳಬೇಕು, ಶುಗರ್ ಮಾತ್ರೆ ಕೊಡುವವರಿಗೇ ಹೇಳಿದರೂ ಆದೀತು. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ವ್ಯವಸ್ಥೆಯಿದೆ. ಅರಸೀಕೆರೆಗೆ ಬಸ್ ಹತ್ತುವ ಮುಂಚೆ ಆಶಾ ಅವರಲ್ಲಿ ವಿಚಾರಿಸಿಕೊಳ್ಳಿ. ಹೋಗಲಾಗದವರು ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಸರಿ, ಕನ್ನಡದಲ್ಲೇ ಮಾತಾಡುತ್ತಾರೆ.